ದಿನಕ್ಕೊಂದು ಗಂಟು

ಮಂಗಳವಾರ. ಅಂಗಡಿಗೆ ರಜೆ.
ಕೆಂಪು ಸಿಮೆಂಟಿನ ನೆಲದಲ್ಲಿ ಕಾಲು ಚಾಚಿ ಕೂತಿದ್ದೇನೆ,
ತೊಡೆಯ ಪಕ್ಕ ಬಾಚಣಿಗೆ, ಬಟ್ಟಲಲ್ಲಿ ತಿಮರೆ ಸೊಪ್ಪು.
ಮೊಲ ಕಪಾಟಿನ ಅಡಿಯಲ್ಲಿ.
ನಮ್ಮಿಬ್ಬರ ನಡುವೆ ಒಂದು ಮಾರು ನೆಲ,
ಮತ್ತೆ ಎಂಟು ತಿಂಗಳ ಸಂಶಯ.

ಉಣ್ಣೆಯ ಜಾತಿ ಅದು, ಚಳಿಯೂರಿನದು.
ಮಗಳು ಹಠ ಹಿಡಿದು ತಂದದ್ದು
ಬನಿಯನ್ನೂ ಭಾರವೆನಿಸುವ ಈ ಉರ್ವದ ಸೆಕೆಗೆ.
ಇಲ್ಲಿ ಡಬ್ಬದೊಳಗೇ ಉಪ್ಪು ನೀರಾಗುತ್ತದೆ,
ಮೊಲದ ಮೈಯಲ್ಲಿ ಕೂದಲು ಗಂಟಾಗುತ್ತದೆ:
ಕಿವಿಯ ಹಿಂದೆ, ಗದ್ದದ ಕೆಳಗೆ, ಕಂಕುಳಲ್ಲಿ,
ತೆಂಗಿನ ನಾರಿನ ಹಾಗೆ ಗಟ್ಟಿ.
"ಅಪ್ಪ, ನಿಮಗೆ ಎಂತ ಕಷ್ಟ? ನೀವು ಕಟಿಂಗಿನವರಲ್ವಾ"
ಅಂದಳು ಧನ್ವಿ.

ಹೌದಲ್ಲ, ಕಟಿಂಗಿನವನು. ಮೂವತ್ತೊಂದು ವರ್ಷ.
ಮಣ್ಣಗುಡ್ಡದ ಅರ್ಧ ಊರು
ನನ್ನೆದುರು ಕುತ್ತಿಗೆ ಕೊಟ್ಟು ಕಣ್ಣು ಮುಚ್ಚಿದೆ.
ಇದಿನಬ್ಬನವರಿಗಂತೂ ಸೋಪು ನೊರೆಯಾಗುವ ಮೊದಲೇ ಗೊರಕೆ;
ಗಂಟಲ ಮೇಲೆ ಕತ್ತಿ ಓಡುತ್ತಿರುವಾಗ
ನಿದ್ದೆಯಲ್ಲೇ ಬಂಗುಡೆಯ ರೇಟು ಹೇಳುತ್ತಾರೆ.
ಅಂಥ ಕೈ ಇದು.
ಎರಡೂವರೆ ಕಿಲೋದ ಮೊಲ ಈ ಕೈಯನ್ನು ನಂಬುವುದಿಲ್ಲ.

ಮೊದಲ ಸಲ ಎತ್ತಿದಾಗ ಹಿಂಗಾಲಲ್ಲಿ ಒದ್ದು
ಮೊಣಕೈವರೆಗೆ ಮೂರು ಗೆರೆ ಎಳೆಯಿತು.
ಎರಡನೇ ಸಲ ಟವೆಲಿನಲ್ಲಿ ಸುತ್ತಿದೆ; ಟವೆಲು ಮಾತ್ರ ಉಳಿಯಿತು.
ನಮಗೊಂದು ಚಾಳಿ ಉಂಟು,
ಕೂದಲಿಗೆ ತಾಗಿಸುವ ಮೊದಲು
ಕತ್ತರಿಯಲ್ಲಿ ಗಾಳಿಯನ್ನೇ ನಾಲ್ಕು ಸಲ ಕತ್ತರಿಸುವುದು.
ಆ ಕಚಕಚ ಕೇಳಿದರೆ ಸಾಕು, ನೆಲಕ್ಕೆ ಧಪ್ ಎಂದು ಕಾಲು ಬಡಿಯುತ್ತಿತ್ತು.
ಕೆಳಗಿನ ಮನೆಯ ಜೂಲಿಯಾನಾ ಬಾಯಿ ಕೇಳಿದರು,
"ನಿಮ್ಮಲ್ಲಿ ರಾತ್ರಿ ಎಂತ ಕುಟ್ಟುವುದು?"

ಮೂರನೇ ಸಲ ಅಂಗಾತ ಮಲಗಿಸಿದೆ.
ಎಂಥ ಮಂತ್ರ! ಒಮ್ಮೆಗೇ ಮೈ ಸಡಿಲ,
ನಾಲ್ಕು ಕಾಲೂ ಗಾಳಿಯಲ್ಲಿ, ಕಣ್ಣು ಮಾತ್ರ ತೆರೆದು,
ಮಲಗಿಯೇಬಿಟ್ಟಿತು. ಬೀಗಿದೆ.
ಅರ್ಧ ಹೊಟ್ಟೆ ಬಿಡಿಸಿದೆ. ಮಗಳಿಂದ ಫೋಟೋ ತೆಗೆಸಿದೆ.

ಫೋಟೋ ನೋಡಿ ಡಾಕ್ಟರ್ ಜೆಸಿಂತಾ ನಗಲಿಲ್ಲ.
"ಅದು ನಿದ್ದೆ ಅಲ್ಲ ಮಾರಾಯ್ರೆ.
ಗಿಡುಗ ಹಿಡಿದು, ಓಡಲು ಜಾಗ ಇಲ್ಲದಾಗ
ಸತ್ತ ಹಾಗೆ ಬೀಳುವುದು.
ಎದೆ ಮುಟ್ಟಿ ನೋಡಿದ್ರಾ?"
ಮುಟ್ಟಿರಲಿಲ್ಲ.

ಆ ರಾತ್ರಿ ನನಗೆ ಹಲಗೆ ನೆನಪಾಯಿತು.
ಕುರ್ಚಿಯ ಕೈಗಳ ಮೇಲೆ ಅಡ್ಡ ಇಟ್ಟು
ಮಕ್ಕಳನ್ನು ಕೂರಿಸುವ ಹಲಗೆ.
ಅಳುವ ಮಕ್ಕಳು ಅಳುತ್ತವೆ, ಬೈಸಿಕೊಳ್ಳುತ್ತವೆ,
ಚಾಕೊಲೇಟು ಗಿಟ್ಟಿಸುತ್ತವೆ.
ಕೆಲವು ಕಲ್ಲಾಗುತ್ತವೆ.
"ಎಷ್ಟು ಪಾಪದ ಮಗು ನೋಡಿ, ಅಲುಗುವುದೇ ಇಲ್ಲ"
ಎಂದು ನಾನೇ ಎಷ್ಟು ಅಪ್ಪಂದಿರಿಗೆ ಹೇಳಿಲ್ಲ!
ಬಿಳಿ ಬಟ್ಟೆಯ ಅಡಿಯಲ್ಲಿ ಆ ಬೆರಳುಗಳು
ಹಲಗೆಯ ಅಂಚನ್ನು ಹೇಗೆ ಹಿಡಿದಿದ್ದವೋ,
ಬಟ್ಟೆ ಕೊಡವುವಾಗ ನಾನು ನೋಡಿದ್ದು ಕೂದಲು.

ಈಗ ಎತ್ತುವುದಿಲ್ಲ. ನೆಲಕ್ಕೆ ನಾನೇ ಇಳಿದಿದ್ದೇನೆ.
ದಕ್ಕೆಯ ಮೇಲೆ ಸುತ್ತುವ ಗಿಡುಗಗಳಂತೆ
ಮೇಲಿನಿಂದ ಬರುವ ಕೈ ಬೇಡ;
ಕೈ ಪಕ್ಕದಿಂದ, ಅಂಗೈ ಬಿಚ್ಚಿ, ತಿಮರೆಯ ಜೊತೆ.
ಆಫ್ಟರ್‌ಶೇವ್ ಬಿಟ್ಟೆ, ಅದಕ್ಕೆ ಸೀನು ಬರುತ್ತದೆ.
ಗಾಳಿ ಕತ್ತರಿಸುವುದಿಲ್ಲ.
ಬಂದರೆ ಒಂದು ಗಂಟು:
ಬೆರಳಲ್ಲಿ ಬಿಡಿಸಿ, ಬಿಡದಿದ್ದರೆ
ಚರ್ಮಕ್ಕೂ ಕತ್ತರಿಗೂ ನಡುವೆ ಬಾಚಣಿಗೆ ಇಟ್ಟು ತುಂಡರಿಸಿ,
ಅಷ್ಟೇ. ಅದು ಕಪಾಟಿನಡಿಗೆ, ನಾನು ಚಾಕ್ಕೆ.
ಬರದಿದ್ದರೆ ಬರೀ ಚಾ.

ನೋಡಿದವರು ನಗುತ್ತಾರೆ.
ಒಂದು ಕಡೆ ಬೋಳು, ಒಂದು ಕಡೆ ಜಟೆ,
ಬಾಲದ ಹತ್ತಿರ ಇಲಿ ಕಡಿದ ಹಾಸಿಗೆ.
ನನ್ನ ಕಸುಬಿನಲ್ಲಿ ಇಷ್ಟು ಕೆಟ್ಟ ಕಟಿಂಗ್ ಆದದ್ದಿಲ್ಲ.

ನಿನ್ನೆ ಒಬ್ಬ ಹುಡುಗ, ಐದು ವರ್ಷ ಇರಬಹುದು,
ಹಲಗೆಯ ಮೇಲೆ ಕಲ್ಲಾದ.
ಕತ್ತರಿ ಕೆಳಗಿಟ್ಟೆ.
"ಯಾವ ಕಿವಿಯ ಬದಿ ಮೊದಲು?" ಅಂತ ಕೇಳಿದೆ.
ಅವನ ಅಪ್ಪ ಗಡಿಯಾರ ನೋಡಿದರು.
ತುಂಬ ಹೊತ್ತು ಯೋಚಿಸಿ ಹುಡುಗ
ಬಟ್ಟೆಯ ಅಡಿಯಿಂದ ಒಂದೇ ಒಂದು ಬೆರಳು ಹೊರಗೆ ತೆಗೆದು
ಎಡದ್ದನ್ನು ತೋರಿಸಿದ.

ಇಲ್ಲಿ ಕಪಾಟಿನಡಿ ಇನ್ನೂ ಕತ್ತಲು.
ತಿಮರೆ ಬಾಡುತ್ತಿದೆ.
ಮೂಗು ಮಾತ್ರ ಹೊರಗೆ, ಮಿಡಿಯುತ್ತಿದೆ.
ಇವತ್ತು ನನಗೆ ಬೇರೆ ಕೆಲಸ ಇಲ್ಲ.