ಎಸ್ತೇರಬಾಯಿಯ ಮೂರನೆಯ ಪೀಪಾಯಿ

ಅಬಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ
ತಪ್ಪು ಹುಡುಕಲಿಕ್ಕೇ ಮೂಗು ಇಟ್ಟುಕೊಂಡಿದ್ದವನು ನಾನು.
ಕೊಡದ ಬಾಯಿಗೆ ಬಗ್ಗಿದರೆ ಸಾಕು,
ನವಸಾಗರವೆಷ್ಟು, ಕೊಳೆತ ಬೆಲ್ಲವೆಷ್ಟು,
ಬ್ಯಾಟರಿಯ ಕರಿಪುಡಿ ಬಿದ್ದಿದೆಯೋ ಇಲ್ಲವೋ
ಹೇಳಿ, ಪಂಚನಾಮೆ ಬರೆಸುತ್ತಿದ್ದೆ.
ರುಚಿ ಎಂಬ ಕಾಲಮ್ಮು ಆ ಫಾರಮಿನಲ್ಲಿ ಇರಲಿಲ್ಲ.

ಬೀದರಿನಿಂದ ಜನವಾಡದ ದಾರಿ, ಎಡಕ್ಕೆ ಹೊರಳಿದರೆ
ಎರಡೆಕರೆ ಜಂಬಿಟ್ಟಿಗೆಯ ಕೆಂಪಿನ ಮೇಲೆ
ಎಸ್ತೇರಬಾಯಿಯ ಬಳ್ಳಿ, ತಗಡಿನ ಶೆಡ್ಡು.
ಮಿಷನ್ ಆಸ್ಪತ್ರೆಯ ನರ್ಸು, ರಿಟೈರಾದವಳು;
ಪೀಪಾಯಿಗಳಿಗೂ ರೋಗಿಗಳಿಗೆ ಕಟ್ಟುವ ಹಾಗೆ
ದಾರದಲ್ಲಿ ಚೀಟಿ: ತಾರೀಖು, ಜ್ವರ, ತೂಕ.
"ನಮ್ಮ ಚರ್ಚಿನಾಗ ದ್ರಾಕ್ಷಿಯ ಬರೇ ರಸಾರೀ,
ಹುಳಿ ಏರಾಕ ಬಿಡಂಗಿಲ್ಲ.
ಈ ಕಡಿ ಗಾಳಿ ಬೀಸಿದರ
ಪಾದ್ರಿಯವರು ಕೊಡಿ ಅಡ್ಡ ಹಿಡೀತಾರ."

ಮೊದಲು ಗೊಂಚಲೊಂದು ತೋರಿಸಿದಳು.
ಜಿನ್‌ಫಂಡೆಲ್ ಅಂತ. ನಾಶಿಕದಿಂದ ಬಂದ ಕಡ್ಡಿ.
ಒಂದೇ ತೊಟ್ಟಿಗೆ ಜೋತುಬಿದ್ದು
ಒಂದು ಕಾಯಿ ಇನ್ನೂ ಹಸಿರು, ಪಕ್ಕದ್ದು ತುಂಬಿ ಕಪ್ಪು,
ಅದರಾಚೆಯದು ಆಗಲೇ ಮುದುಡಿ ಒಣದ್ರಾಕ್ಷಿ.
"ಒಂದಕ್ಕ ಕಾದರ ಇನ್ನೊಂದು ಕೈ ಬಿಡ್ತದ.
ಕಾಯೋದೇ ಬಿಟ್ಟೀನಿ. ಮೂರೂ ಕೂಡಿಸೇ ಹಿಂಡ್ತೀನಿ."

ಹೈದರಾಬಾದಿನಿಂದ ತರಿಸಿದ ಕಾಲುಳ್ಳ ಗ್ಲಾಸು
ಜಹೀರಾಬಾದ್ ದಾಟುವಾಗ ಒಡೆದವಂತೆ, ಆರರಲ್ಲಿ ಐದು.
ಉಳಿದದ್ದು ನನಗೆ. ಅವಳಿಗೆ ಔಷಧಿ ಅಳೆಯುವ ಲೋಟ.

ಮೊದಲ ವರ್ಷದ್ದು ತೆಳು,
ಶಾಯಿ ಬತ್ತಿದ ಪೆನ್ನಿನ ಸಹಿ.
ಎರಡನೆಯದು ಗಂಟಲಿಗೆ ಹೊತ್ತಿತು.
ಹದಿನಾರರ ಮೇಲಿದೆ, ಅಂದೆ, ಹೈಡ್ರೋಮೀಟರು ಇಲ್ಲದೆಯೇ.
"ಹದಿನಾರೂವರಿ!" ಎಂದಳು,
ಮಗಳು ಗಣಿತದಲ್ಲಿ ಪಾಸಾದಷ್ಟು ಹಿಗ್ಗಿ.
"ಆ ಬ್ಯಾಸಗಿ ಹಂಗಿತ್ತು."

ಮೂರನೆಯದನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತೆ.
ಗೋಡೆಗೆ ರುಚಿಗಳ ಚಾರ್ಟೊಂದು ಅಂಟಿಸಿದ್ದಳು,
ಹುಟ್ಟಿದಾಗಿಂದ ನಾನು ಕಾಣದ ಹಣ್ಣುಗಳ ಹೆಸರು.
ನನಗೆ ಸಿಕ್ಕಿದ್ದು ಬೇರೆ:
ಕೋಟೆಯ ಕಂದಕದ ದಂಡೆಯ ನೇರಳೆ, ಉದುರಿ ಮಧ್ಯಾಹ್ನವಾದದ್ದು;
ಆಲೆಮನೆಯಲ್ಲಿ ಪಾಕ ಅಂಚಿಗೆ ಹತ್ತುವ ಗಳಿಗೆ;
ಕರಿಮೆಣಸು ಕುಟ್ಟಿದ ಒರಳನ್ನು ತೊಳೆಯದೆ
ಅಕ್ಕ ಹುಣಸೆ ಕುಟ್ಟಿ ಬೈಸಿಕೊಂಡಿದ್ದಳಲ್ಲ, ಅದು.
ಎಲ್ಲ ನುಂಗಿಯಾದ ಮೇಲೆ ಒಂದು ಬಗೆಯ ಕಬ್ಬಿಣ,
ನಾಲಗೆ ಕಚ್ಚಿಕೊಂಡಾಗ ಬರುವಂಥದು.

ಇದೆಲ್ಲಿಂದ ಬಂತು?
"ಉಸ್ತಾದರಿಗೆ ಕೇಳ್ರಿ."

ರಹಮತುಲ್ಲಾ ಉಸ್ತಾದರು ಬಿದ್ರಿ ಕೆಲಸದವರು, ಕುಡಿಯುವವರಲ್ಲ.
ಬಳ್ಳಿಯ ಬುಡದಲ್ಲಿ ಕೂತು ಚಿಟಿಕೆ ಮಣ್ಣು
ನಾಲಗೆಗಿಟ್ಟು ಕಣ್ಣು ಮುಚ್ಚಿದರು.
ಹೂಜಿಯನ್ನು ಕಪ್ಪಾಗಿಸುವ ಕೋಟೆಮಣ್ಣು ಆರಿಸುವುದೂ ಹೀಗೇ ಅಂತೆ.
ಉಗುಳಿದರು. ಮೀಸೆ ಒರೆಸಿಕೊಂಡರು.
"ನಮ್ಮ ಕೆಲಸಕ್ಕ ಬರಲ್ಲ ಸಾಬ್. ಬಿಸಿಲು ಕಂಡದ, ನೀರು ಕಂಡದ,
ಎಚ್ಚರ ಇರೋ ಮಣ್ಣು.
ನಮಗ ಕತ್ತಲದಾಗ ನೂರಾರು ವರ್ಷ ಮಲಗಿದ್ದು ಬೇಕು.
ಆದರ ಕಬ್ಬಿಣ ಅದ, ಖರೇ."

ಒಂದು ಹನಿ ಮುಟ್ಟದೆ ಹೇಳಿಬಿಟ್ಟರು.

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು,
ಲೈಸೆನ್ಸಿನ ಫೀ, ಬೆಳ್ಳಿಯ ತಂತಿಯ ದರ,
ಸುರಂಗಬಾವಿಯಲ್ಲಿ ಈ ವರ್ಷ ನೀರು ಎಲ್ಲಿಗೆ ನಿಂತಿದೆ.
ಗ್ಲಾಸಿನ ತಳದಲ್ಲಿ ಒಂದು ಗುಟುಕು ಉಳಿಸಿಕೊಂಡಿದ್ದೆ.
ಗಾಳಿ ತಾಗಿ ಅದು ಬೇರೆಯಾಗುತ್ತಿತ್ತು:
ಮೆಣಸು ಹಿಂದೆ ಸರಿದು ಒಣದ್ರಾಕ್ಷಿ ಮುಂದೆ ಬಂದು
ಒಂದೇ ಒಂದು ಸಲ, ಒಗರಾಗಿ,
ಆ ಹಸಿರು ಕಾಯಿಯೂ ಹಲ್ಲಿಗೆ ಸಿಕ್ಕಿತು.

"ಏನರ ಬರೀರಿ," ಎಂದು ಚೀಟಿ ಮುಂದಿಟ್ಟಳು, ದಾರ ಸಮೇತ.
ಪೆನ್ನು ತೆಗೆದೆ.
ಬಲಗೈ ತನ್ನಷ್ಟಕ್ಕೆ ತಾನೇ ಬರೆಯಿತು:
ಜಪ್ತಿ ಮಾಡಲಾಗಿದೆ.

ಹೊಡೆದು ಹಾಕಲಿಲ್ಲ. ಕೆಳಗೆ ಸಹಿ ಮಾಡಿ
ಬಾಟಲಿಯನ್ನು ಚೀಲಕ್ಕಿಳಿಸಿಕೊಂಡೆ.
ದುಡ್ಡು ಕೊಟ್ಟೇ. ರಸೀದಿಯನ್ನೂ ಕೇಳಿ.