ಅಡ್ಡರಸ್ತೆಯ ತೂಕ

ನೋಟೀಸು ಅಂಟಿಸಿದ್ದು ಉಪ್ಪಿನ ಗೋದಾಮಿನ ಗೋಡೆಗೆ.
ಗೋಂದು ಒಣಗುವ ಮೊದಲೇ ಒಂದು ಆಡು ಬಂದು
ಮೂಲೆಯ ಮೊಹರನ್ನು ತಿಂದು ಹೋಯಿತು.
ಉಳಿದದ್ದು ಇಷ್ಟು: ಕಲಾಭವನದ ವಿಸ್ತರಣೆ ನಿಮಿತ್ತ
ಅಡ್ಡರಸ್ತೆ ಶಾಶ್ವತವಾಗಿ ಬಂದ್.
ಆಕ್ಷೇಪ ಇದ್ದವರು ಮೂವತ್ತು ದಿನದೊಳಗೆ,
ಕಾರಣ ಸಮೇತ.

ಕಾರಣ ಸಮೇತ ಅಂದರೆ ಎಂತ ಬರೆಯುದು?
ನಾನು ಐಸ್ ಪ್ಲಾಂಟಿನ ಲೆಕ್ಕದವ,
ನನಗೆ ಗೊತ್ತಿರುವುದು ತೂಕ ಮಾತ್ರ.
ಬೆಳಗಿನ ನಾಲ್ಕಕ್ಕೆ ಇದಿನಬ್ಬನ ಕೈಗಾಡಿಗೆ ಆರು ಚೌಕ,
ಮೇಲೆ ಉಮಿ, ಉಮಿಯ ಮೇಲೆ ಒದ್ದೆ ಗೋಣಿ.
ಅಡ್ಡರಸ್ತೆಯಲ್ಲಿ ಹಾದರೆ ದಕ್ಕೆಗೆ ಎಂಬತ್ತೆರಡು ಹೆಜ್ಜೆ,
ಕರಗುವುದು ಒಂದು ಚೊಂಬು.
ಸುತ್ತು ಹಾಕಿದರೆ
ಮಸೀದಿ ದಾಟಿ, ಟಯರಿನ ಅಂಗಡಿ ದಾಟಿ,
ಲಾರಿಗಳು ಹಿಮ್ಮುಖ ಬರುವ ತಿರುವಿನಲ್ಲಿ ಕಾದು ಕಾದು
ಕಾಲು ಚೌಕ ಹೋಯಿತು. ಏಪ್ರಿಲಿನಲ್ಲಿ ಅರ್ಧ.
ದೋಣಿಯವರು ಆರರ ದುಡ್ಡು ಕೊಡುತ್ತಾರಾ? ಇಲ್ಲ.
ನೀರಾಗಿ ಹೋದದ್ದಕ್ಕೆ
ಅರ್ಜಿಯಲ್ಲಿ ಕಾಲಂ ಇಲ್ಲ ಮಾರಾಯ್ರೆ.

ಹಾಗಂತ ಸುಳ್ಳು ಹೇಳಬಾರದು.
ಕಳೆದ ವರ್ಷ ಕಲಾಭವನದವರು, ಆಗ ಅದು ಆಚೆ ಬದಿಯ
ಹೆಂಚಿನ ಗೋದಾಮು ಒಂದೇ, ನಮ್ಮನ್ನೂ ಕರೆದಿದ್ದರು.
ನೆರೆಕರೆಯವರಿಗೆ ಟಿಕೆಟಿಲ್ಲ ಎಂದು.
ವೇದಿಕೆಯಲ್ಲಿ ಒಬ್ಬಳು ಹುಡುಗಿ, ಬರಿಗೈ.
ಹಗ್ಗ ಎಳೆದಳು. ಹಗ್ಗ ಇರಲಿಲ್ಲ.
ಎಳೆದಳು, ಎಳೆದಳು, ಹಿಮ್ಮಡಿ ಊರಿ ಎಳೆದಳು,
ಕೊನೆಗೆ ದೋಣಿ ಬಂತು.
ನನ್ನ ಪಕ್ಕದಲ್ಲಿ ಕೂತ ಬೇಬಿಯಕ್ಕ,
ಮೂವತ್ತು ವರ್ಷ ದಕ್ಕೆಯಲ್ಲಿ ಬಂಗುಡೆ ಏಲಂ ಕೂಗಿದವಳು,
ಸೀರೆಯ ಅಂಚು ಎತ್ತಿ ಕಾಲು ಹಿಂದಕ್ಕೆ ತೆಗೆದುಕೊಂಡಳು.
ಅದರ ತೂಕ ಎಷ್ಟು ಎಂದು
ನನ್ನ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ.

ಸಭೆ ಕರೆದರು. ಫ್ಯಾನು, ಗೋಳಿಬಜೆ, ಮೇಜಿನ ಮೇಲೆ
ಥರ್ಮಕೋಲಿನ ಊರು.
ಎರಡು ಗೋದಾಮುಗಳ ನಡುವೆ ಗಾಜಿನ ಮಾಡು,
ಮಾಡಿನ ಅಡಿಯಲ್ಲಿ ನಮ್ಮ ಅಡ್ಡರಸ್ತೆ, ಬಿಳಿ, ನುಣ್ಣಗೆ,
ಅದರ ಮೇಲೆ ಕಡ್ಡಿಯಷ್ಟು ಮನುಷ್ಯರು.
‘ಇವರೆಲ್ಲ ಎಲ್ಲಿಗೆ ಹೋಗುದು?’ ಬೇಬಿಯಕ್ಕ ಕೇಳಿದಳು.
‘ಎಲ್ಲಿಗೂ ಇಲ್ಲ ಅಮ್ಮ, ಅಲ್ಲೇ ಓಡಾಡುತ್ತಾರೆ,’
ಎಂಜಿನಿಯರು ಹುಡುಗ ಹೇಳಿದ, ಒಳ್ಳೆಯ ಹುಡುಗ,
ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದವ.
‘ಎಲ್ಲಿಗೂ ಹೋಗದವರಿಗೆ ರಸ್ತೆ ಎಂತಕ್ಕೆ?’
ಯಾರೋ ನಕ್ಕರು. ಅವಳು ನಗಲಿಲ್ಲ.
ಇದಿನಬ್ಬ ಬಗ್ಗಿ ನೋಡಿದ. ನೀಲಿ ಬಣ್ಣದ ನದಿಯನ್ನು
ಬೆರಳಿನಿಂದ ಮುಟ್ಟಿದ. ಬೆರಳು ತೆಗೆದಾಗ ಅಲ್ಲಿ
ಒಂದು ಮೀನಿನ ಹುರುಪೆ ಅಂಟಿ ಉಳಿದಿತ್ತು.
ಒರೆಸಲು ಯಾರಿಗೂ ತೋಚಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ರಾತ್ರಿ ಬರೆಯಲು ಕೂತೆ.
ಮಾನ್ಯರೇ, ಎಂದು ಬರೆದೆ.
ಎಂಬತ್ತೆರಡು ಹೆಜ್ಜೆ, ಎಂದು ಬರೆದೆ. ಹೊಡೆದು ಹಾಕಿದೆ.
ಎಂಬತ್ತೆರಡು ಇದಿನಬ್ಬನ ಲೆಕ್ಕ;
ಅವನ ಮಗನ ಕಾಲು ಉದ್ದ, ಎಪ್ಪತ್ತು ಸಾಕು.
ಆ ಹುಡುಗಿಯ ಹಗ್ಗ ನೆನಪಾಯಿತು.
ಪೆನ್ನಿನ ಮುಚ್ಚಳ ಹಾಕಿದೆ. ತೆಗೆದೆ.
ಕೊಟ್ಟೆನೋ ಇಲ್ಲವೋ, ಅದನ್ನು ಕೇಳಬೇಡಿ.

ತಗಡು ನಿಲ್ಲಿಸಿದ್ದು ಶುಕ್ರವಾರ.
ಶನಿವಾರ ನಾಲ್ಕೂಕಾಲಕ್ಕೆ, ಇನ್ನೂ ಕತ್ತಲೆ,
ರೂಢಿಯ ಮೇಲೆ ಗಾಡಿ ಅತ್ತಲೇ ತಿರುಗಿತು,
ತಗಡಿಗೆ ಮೂಗು ತಾಗಿಸಿ ನಿಂತಿತು.
ನಾನು ಲೆಕ್ಕದ ಕೋಣೆಯ ಕಿಟಕಿಯಲ್ಲಿದ್ದೆ.
ಗೋಣಿಯಿಂದ ಹನಿದದ್ದು ಗಾಲಿಯ ಬುಡದಲ್ಲಿ ಸೇರಿ
ಒಂದು ಗಳಿಗೆ ಅಲ್ಲೇ ಇತ್ತು,
ಆಮೇಲೆ ತನ್ನ ಹಳೆಯ ಇಳಿಜಾರು ಹಿಡಿದು
ತಗಡಿನ ಅಡಿಯಿಂದ ನುಸುಳಿ
ಒಳಗೆ ಹೋಯಿತು, ಹೊಳೆಯ ಕಡೆಗೆ.

ಒಳಗಿಂದ ಹೊಸ ವಾಚ್‌ಮನ್ ಕೂಗಿದ:
‘ಯಾರದು ನೀರು ಬಿಟ್ಟದ್ದು?’
ಇದಿನಬ್ಬ ಗಾಡಿ ತಿರುಗಿಸುತ್ತಾ ಇದ್ದ,
ಹಿಂದೆ, ಮುಂದೆ, ಮತ್ತೆ ಹಿಂದೆ,
ತಿರುಗಿಸಲು ಜಾಗ ಸಾಲದೆ.