ಒಂದೇ ಸಿಕ್ಸರ್, ನಾಲ್ಕು ಸಲ

ಸೀಗೆಹಟ್ಟಿಯ ನಮ್ಮ ಓಣಿಯಲ್ಲಿ
ಒಂದೇ ಸಿಕ್ಸರ್ ನಾಲ್ಕು ಸಲ ಬೀಳುತ್ತದೆ.

ಮೊದಲು ಗುತ್ಯಪ್ಪನ ಇಸ್ತ್ರಿ ಗೂಡಿನಲ್ಲಿ.
ಮೊಳೆಗೆ ನೇತುಬಿದ್ದ ರೇಡಿಯೋ,
ಎರಡು ಸೆಲ್ಲು, ಮುಚ್ಚಳ ಹಾರದಂತೆ ರಬ್ಬರ್ ಬ್ಯಾಂಡು.
ತಿಂಗಳ ದುಡ್ಡಿಗೆ ಯಾರೂ ಬಾಗಿಲು ತಟ್ಟದ ಆಟ.
ಕೆಂಡದ ಪೆಟ್ಟಿಗೆ ಎತ್ತಿ ಹಿಡಿದು ಅವನು "ಹೋಯ್ತು!" ಅಂದರೆ
ಚೆಂಡು ಹೋದ ಹಾಗೆಯೇ.

ಆಮೇಲೆ ಜರೀನಾ ಮನೆಯ ತಗಡಿನ ಮೇಲೆ.
ಸಾವಿರದ ನಾನೂರಕ್ಕೆ ಒಮ್ಮೆ ಕೊಂಡ ಛತ್ರಿ,
ಮತ್ತೆ ಕಾಸು ಕೇಳದು,
ಕಾಗೆ ಕೂತರೆ ಮಾತ್ರ ಮುನಿಯುತ್ತದೆ.
ಅದರ ಕಾಲಿಗೆ ಅತ್ತೆಯ ರುಬ್ಬುಗುಂಡು ಕಟ್ಟಿದ್ದಾಳೆ.
"ಮಿಕ್ಸಿ ಬಂದಮೇಲೆ ಅದಕ್ಕೂ ಒಂದು ಕೆಲಸ ಬೇಕಲ್ಲ" ಅಂತಾಳೆ.

ಮೂರನೆಯದು ಹಾಲೇಶಿಯ ಕೇಬಲ್ಲು.
ತಿಂಗಳಿಗೆ ಮುನ್ನೂರ ಐವತ್ತು;
ಅವನು ನೋಡುವುದು ಎರಡು ಚಾನಲ್ಲು, ಹೆಂಡತಿ ಒಂದು.
ಮಿಕ್ಕಿದ ಇನ್ನೂರು
ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಿಗಳಂತೆ
ಅಟ್ಟದ ಮೇಲೆ.

ಕೊನೆಗೆ ನಮ್ಮನೆ.
ಸೀರೆಗೆ ಫಾಲ್ ಹಚ್ಚುವವಳು ನಾನು.
ಟೀವಿ ಗಾಂಧಿಬಜಾರಿನ ರಿಪೇರಿ ಅಂಗಡಿಯದು,
ಎಡ ಮೂಲೆಯಲ್ಲೊಂದು ನೀಲಿ ಕಲೆ,
ಗಡಿಯಲ್ಲಿ ನಿಂತ ಫೀಲ್ಡರ್ ಅದರೊಳಗೆ ಮುಳುಗಿ ಏಳುತ್ತಾನೆ.
ಒಂಬತ್ತನೇ ಕ್ಲಾಸಿನ ಮಗಳು ಚಂದ್ರಿಕಾ
ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ:
ಫಿಲೋಮಿನಾ ಟೀಚರ್ ಐವತ್ತು, ನಾವು ಐವತ್ತು.
ಎರಡು ಮನೆ, ಒಂದೇ ಪಾಸ್‌ವರ್ಡು,
ಟೀಚರ್ ಸಾಕಿದ್ದ ನಾಯಿಯ ಹೆಸರು.
ನಾಯಿ ಸತ್ತು ಎರಡು ವರ್ಷ,
ಇನ್ನೂ ಬಾಗಿಲು ಕಾಯುತ್ತಿದೆ.

ಫೋನಿನ ನೆಟ್ಟು ಟೀವಿಗೆ ಹಂಚಬೇಕು,
ಹದಿನಾರನೇ ಓವರಿಗೆ ಅದಕ್ಕೆ ಏದುಸಿರು.
ಆಗ ಚಿತ್ರ ತೆಳ್ಳಗೆ ಮಾಡುತ್ತೇವೆ.
ಮುಖವೆಲ್ಲ ಹಿಟ್ಟಿನುಂಡೆ,
ಅಂಗಿಯ ಬಣ್ಣದಿಂದ ನಮ್ಮವರೆಂದು ಗುರುತು.

ಮೆಸ್ಕಾಂನವರು ಕರೆಂಟು ತೆಗೆದರೆ ಮಾತ್ರ
ಓಣಿಯೆಲ್ಲ ಗುತ್ಯಪ್ಪನ ಗೂಡಿನ ಮುಂದೆ.
ಅಂದು ಅವನ ಮೀಸೆ ನೋಡಬೇಕು.

ಉಳಿದ ದಿನ ಈ ತಡ.
ಓಣಿ ಮೂರು ಸಲ ಕೂಗಿ ಸುಮ್ಮನಾದ ಮೇಲೂ
ನಮ್ಮ ಬೌಲರ್ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಲೇ ಇರುತ್ತಾನೆ.
"ಯಾರೂ ಹೇಳಬೇಡಿ!" ಚಂದ್ರಿಕಾ ಬಾಗಿಲು ಹಾಕುತ್ತಾಳೆ.
ಗೋಡೆಗೆ ಕಿವಿ ಅಂತಾರೆ,
ನಮ್ಮ ಗೋಡೆಗೆ ಬಾಯಿ.

ಮೊನ್ನೆ ಭಾನುವಾರ. ಕೊನೆ ಬಾಲು, ನಾಲ್ಕು ಬೇಕು.
ಗುತ್ಯಪ್ಪನ ರೇಡಿಯೋ ಟಕ್ಕೆಂದು ಆರಿತು.
ಜರೀನಾ ಮನೆಯಲ್ಲಿ ಯಾರೋ ತಟ್ಟೆ ಕುಕ್ಕಿದರು.
ಹಾಲೇಶಿ ಹೊರಗೆ ಬಂದು
ಸುಮ್ಮಸುಮ್ಮನೆ ನಲ್ಲಿಯಲ್ಲಿ ಕಾಲು ತೊಳೆದ.
ನನಗೆ ತಿಳಿದುಹೋಯಿತು, ಸೂಜಿ ಬೆರಳಿಗೆ ಬಂತು.
ಮಗಳು ಎರಡೂ ಕೈ ಕಿವಿಗೊತ್ತಿ
ಕಣ್ಣಷ್ಟೇ ಆಗಿ ಕೂತಿದ್ದಳು.

ಆಗ ಹೊಸ್ತಿಲಲ್ಲಿ ಗುತ್ಯಪ್ಪ,
ಎಲ್ಲರಿಗಿಂತ ಮೊದಲು ಗೊತ್ತಿದ್ದವನು.
ಕೈಯಲ್ಲಿ ಟೀಚರ್ ಸೀರೆ, ಮಡಿಕೆ ಇನ್ನೂ ಬಿಸಿ.
ಕೇಳುವುದು ಬಾಯಿ ಆಡಿದ್ದರಿಂದ ಅವಳಿಗೆ ಗೊತ್ತಾಗಿರಬೇಕು,
ಕೈ ತೆಗೆದಳು.
"ಏನಾಯ್ತವ್ವಾ?" ಅಂದ, ಏನೂ ಅರಿಯದವನಂತೆ.
"ಇನ್ನೂ ಹಾಕಿಲ್ಲ ತಾತ, ಬನ್ನಿ ಬನ್ನಿ."

ಚಪ್ಪಲಿ ಬಿಟ್ಟು ಒಳಗೆ ಬಂದ.
ಅಷ್ಟು ವರ್ಷ ಬರೀ ಕಿವಿಯಲ್ಲಿ ಆಡಿಸಿದ ಆಟವನ್ನು
ಮೂರು ಮೊಳ ದೂರದಿಂದ ನೋಡುತ್ತ ನಿಂತ.
ನನ್ನ ಕಣ್ಣು ತಪ್ಪಿಸಿ
"ಹೊಡೀತಾನೆ ನೋಡು" ಅಂದ.

ಬೌಲರ್ ಓಡಿ ಬಂದ, ಬ್ಯಾಟು ಎದ್ದಿತು.
ಪರದೆಯ ನಡುವೆ ಬಿಳಿ ಉಂಗುರ ತಿರುಗತೊಡಗಿತು.
ಚೆಂಡು ನೀಲಿ ಕಲೆಯ ಹತ್ತಿರ
ಗಾಳಿಯಲ್ಲೇ ನಿಂತಿತ್ತು.

"ಹೊಡೆದ!" ಅಂದಳು ಮಗಳು.

"ಹೂಂ" ಅಂದ ಗುತ್ಯಪ್ಪ.